ನೆತ್ತರು ನುಡಿವ ಭವಿಷ್ಯ

ಜ್ವರ ಉಲ್ಬಣಿಸಿ ಆಸ್ಪತ್ರೆಗೆ ಸೇರಿದ ರೋಗಿಯ ಬಂಧುಗಳು ವೈದ್ಯರನ್ನು ಕೇಳುವ ಪ್ರಶ್ನೆ ಒಂದೇ: "ಗುಣವಾಗುವುದೇ?" ಇದಕ್ಕೆ ಉತ್ತರವನ್ನು ಹಿಂದಿನವರು ನಾಡಿಯಲ್ಲಿ, ನಾಲಗೆಯಲ್ಲಿ, ಉಸಿರಿನ ವೇಗದಲ್ಲಿ ಹುಡುಕುತ್ತಿದ್ದರು. ಇಂದಿನ ವೈದ್ಯವಿಜ್ಞಾನವು ಅದನ್ನು ನೆತ್ತರಿನಲ್ಲಿಯೂ ಅರಸುತ್ತಿದೆ.

1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲ್ಲೆಟ್ ಮತ್ತು ಫ್ರಾನ್ಸಿಸ್ ಎಂಬ ವಿಜ್ಞಾನಿಗಳು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ವಿಚಿತ್ರ ವಸ್ತುವೊಂದನ್ನು ಕಂಡರು. ರೋಗವು ತೀವ್ರವಾಗಿದ್ದಾಗ ಅದು ತೋರುತ್ತಿದ್ದಿತು, ಗುಣವಾದೊಡನೆ ಮಾಯವಾಗುತ್ತಿದ್ದಿತು. ಅದೇ ಇಂದು ಮನೆಮಾತಾಗಿರುವ ಸಿ.ಆರ್.ಪಿ. ದೇಹದಲ್ಲಿ ಉರಿಯೂತವೆದ್ದಾಗ ಇಂಟರ್‌ಲ್ಯೂಕಿನ್-6 ಎಂಬ ದೂತನು ಯಕೃತ್ತಿಗೆ ಸುದ್ದಿ ಮುಟ್ಟಿಸುತ್ತಾನೆ. ಯಕೃತ್ತು ಈ ಪ್ರೋಟೀನನ್ನು ತಯಾರಿಸಿ ರಕ್ತಕ್ಕೆ ಸುರಿಯುತ್ತದೆ.

2020ರಲ್ಲಿ ಕೋವಿಡ್ ಮಹಾಮಾರಿ ಎರಗಿದಾಗ ಇಂತಹ ಸಂಕೇತಗಳಿಗೆ ಹೊಸ ಬೆಲೆ ಬಂದಿತು. ಚೀನಾದ ವುಹಾನ್ ನಗರದ ಎರಡು ಆಸ್ಪತ್ರೆಗಳ 191 ರೋಗಿಗಳನ್ನು ಪರಿಶೀಲಿಸಿದಾಗ, ಹೆಪ್ಪುಗಟ್ಟಿದ ರಕ್ತವು ಕರಗುವಾಗ ಉಳಿಯುವ ಡಿ-ಡೈಮರ್ ಎಂಬ ಚೂರು ಆರಂಭದಲ್ಲಿಯೇ ಹೆಚ್ಚಾಗಿದ್ದವರಲ್ಲಿ ಸಾವಿನ ಸಂಭವವೂ ಹೆಚ್ಚೆಂದು ತಿಳಿದುಬಂದಿತು.

ಅದೇ ವರ್ಷ ಬ್ರಿಟನ್ನಿನ ವೈದ್ಯರು ಎಂಟು ಅಂಶಗಳ ಅಂಕಪಟ್ಟಿಯೊಂದನ್ನು ರಚಿಸಿದರು. ವಯಸ್ಸು, ಲಿಂಗ, ಇತರ ಕಾಯಿಲೆಗಳ ಸಂಖ್ಯೆ, ಉಸಿರಾಟದ ವೇಗ, ಆಮ್ಲಜನಕದ ಪ್ರಮಾಣ, ಪ್ರಜ್ಞೆಯ ಸ್ಥಿತಿ. ರಕ್ತಪರೀಕ್ಷೆಗಳಲ್ಲಿ ಯೂರಿಯಾ ಮತ್ತು ಸಿ.ಆರ್.ಪಿ. ಇವೆರಡು ಮಾತ್ರ! ಒಟ್ಟು 21 ಅಂಕಗಳಲ್ಲಿ 3ರ ಒಳಗಿದ್ದವರಲ್ಲಿ ನೂರಕ್ಕೆ ಸುಮಾರು ಒಬ್ಬರೂ, 15 ಅಥವಾ ಹೆಚ್ಚು ಪಡೆದವರಲ್ಲಿ ಸುಮಾರು 62 ಮಂದಿಯೂ ಮೃತರಾದರು.

ಭವಿಷ್ಯ ನುಡಿದರೆ ಸಾಕೇ? ಚಿಕಿತ್ಸೆಗೆ ದಾರಿ ತೋರಬೇಡವೇ? ಬ್ರಿಟನ್ನಿನ 'ರಿಕವರಿ' ಪ್ರಯೋಗದಲ್ಲಿ ಆಮ್ಲಜನಕ ಕುಸಿದು, ಸಿ.ಆರ್.ಪಿ. ಲೀಟರಿಗೆ 75 ಮಿಲಿಗ್ರಾಂ ಅಥವಾ ಹೆಚ್ಚಿದ್ದವರಿಗೆ ಇಂಟರ್‌ಲ್ಯೂಕಿನ್-6ರ ಕಾರ್ಯವನ್ನು ತಡೆಯುವ ಟೊಸಿಲಿಜುಮಾಬ್ ಔಷಧವನ್ನು ಕೊಟ್ಟು ನೋಡಿದರು. 28 ದಿನಗಳೊಳಗಿನ ಸಾವು ನೂರಕ್ಕೆ 35ರಿಂದ 31ಕ್ಕೆ ಇಳಿಯಿತು. ನೂರರಲ್ಲಿ ನಾಲ್ಕು ಜೀವಗಳೆಂದರೆ ನಾಲ್ಕು ಮನೆಗಳ ದೀಪಗಳಲ್ಲವೇ?

ಆದರೆ ಇದೇ ಅಂಕೆಗಳು ಅನರ್ಥಕ್ಕೂ ಕಾರಣವಾದವು. 2021ರ ಎರಡನೆಯ ಅಲೆಯಲ್ಲಿ ನಮ್ಮ ದೇಶದ ಅನೇಕರು ಲಘು ಜ್ವರಕ್ಕೂ ಈ ಪರೀಕ್ಷೆಗಳನ್ನು ಮಾಡಿಸಿ, ವರದಿ ಕಂಡು ಕಂಗೆಟ್ಟರು. ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಅಂದಿನ ನಿರ್ದೇಶಕ ಡಾ. ರಣದೀಪ್ ಗುಲೇರಿಯಾ ಅವರು ಅಂತಹ ಪರೀಕ್ಷೆಗಳು ಅನಗತ್ಯವೆಂದೂ, ಗಾಬರಿಯನ್ನಷ್ಟೇ ಹುಟ್ಟಿಸುವುವೆಂದೂ ಎಚ್ಚರಿಸಬೇಕಾಯಿತು. ಆಮ್ಲಜನಕದ ಅಗತ್ಯವಿಲ್ಲದವರಿಗೆ ಸ್ಟೀರಾಯ್ಡಿನಿಂದ ಪ್ರಯೋಜನವಿಲ್ಲವೆಂಬುದನ್ನು 'ರಿಕವರಿ' ಪ್ರಯೋಗವು 2020ರಲ್ಲಿಯೇ ತೋರಿಸಿದ್ದಿತು.

ಅಂಕೆಯು ನೂರು ಜನರ ಗತಿಯನ್ನು ಹೇಳಬಲ್ಲದು. ಮಂಚದ ಮೇಲಿರುವ ಒಬ್ಬರ ಹಣೆಬರಹವನ್ನಲ್ಲ. ವರದಿಯ ಕಾಗದವನ್ನು ಓದುವ ವೈದ್ಯರು ರೋಗಿಯ ಮುಖವನ್ನೂ, ಉಸಿರನ್ನೂ ನೋಡಿಯೇ ನಿರ್ಧರಿಸಬೇಕು.