ಉಗ್ರಾಣದ ಕನ್ನಡ

ಹಿಂದೂಪುರ, ಕಲ್ಯಾಣದುರ್ಗಗಳದು ಮಳೆಯನ್ನು ನೆಚ್ಚಲಾಗದ ಸೀಮೆ. ಆದುದರಿಂದಲೇ ನಮ್ಮ ಹಿರಿಯರು ಸುಗ್ಗಿಯಲ್ಲಿಯೇ ವರ್ಷದ ದಿನಸಿಯನ್ನು ಕೂಡಿಡುತ್ತಿದ್ದರು. ಅವರಿಂದ ನಾನು ಕಲಿತ ಕ್ರಮವನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲ ಸ್ಥಾನ ರಾಗಿಗೆ. ಒಣಗಿಸಿ, ತೇವ ತಾಗದಂತಿಟ್ಟರೆ ವರ್ಷಗಟ್ಟಲೆ ಕೆಡದು. ಹಿಟ್ಟನ್ನು ಮಾತ್ರ ಆಗಾಗ ಬೇಕಾದಷ್ಟೇ ಬೀಸಿಸಬೇಕು. ತೊಗರಿಬೇಳೆಯನ್ನು ಬಿಸಿಲಿಗೆ ಹರಡಿ, ತುಸು ಹರಳೆಣ್ಣೆ ಸವರಿದರೆ ಹುಳು ಹತ್ತುವುದು ಕಡಿಮೆ. ಹಿಂದೂಪುರದ ಮಾರುಕಟ್ಟೆಗೆ ಹೆಸರು ತಂದ ಹುಣಿಸೆಯನ್ನು ಬೀಜ, ನಾರು ತೆಗೆದು, ಉಪ್ಪು ಬೆರೆಸಿ ಜಾಡಿಯಲ್ಲಿ ಒತ್ತಿಡಬೇಕು. ಜೊತೆಗೆ ಹುರುಳಿ, ಕಡಲೆಕಾಯಿ, ಒಣಮೆಣಸಿನಕಾಯಿ, ಬೆಲ್ಲಗಳಿದ್ದರೆ ಬರಗಾಲದಲ್ಲಿಯೂ ಮುದ್ದೆ–ಸಾರಿಗೆ ಕೊರತೆಯಾಗದು.

1953ರಲ್ಲಿ ಈ ಸೀಮೆ ಆಂಧ್ರ ರಾಜ್ಯಕ್ಕೆ ಸೇರಿತು. ಶಾಲೆಯ ಹೊರಗೆ ನಮ್ಮ ಮಕ್ಕಳಿಗೆ ಕನ್ನಡದ ನಿತ್ಯಪಾಠ ದೊರೆಯುವುದು ಅಡಿಗೆಮನೆಯಲ್ಲಿಯೇ. ಡಬ್ಬಿಗಳ ಮೇಲಿನ ಹೆಸರುಗಳನ್ನು ಅವರ ಕೈಯಿಂದಲೇ ಕನ್ನಡದಲ್ಲಿ ಬರೆಯಿಸಿರಿ.