ನಿವೃತ್ತರ ಉಳಿತಾಯವೂ ಷೇರುಪೇಟೆಯೂ: ಪ್ರತಿಫಲದ ಸರದಿಯನ್ನು ಕುರಿತ ಒಂದು ವಿವೇಚನೆ

ಉದ್ಯೋಗದಿಂದ ನಿವೃತ್ತರಾದವರ ಕೈಗೆ ಗ್ರಾಚ್ಯುಯಿಟಿ, ಭವಿಷ್ಯನಿಧಿ, ರಜೆಯ ನಗದೀಕರಣ ಇವೆಲ್ಲವೂ ಸೇರಿ, ಅದುವರೆಗೆ ಅವರು ಒಟ್ಟಾಗಿ ಕಂಡೇ ಇರದಷ್ಟು ಹಣ ಕೆಲವೇ ತಿಂಗಳುಗಳಲ್ಲಿ ಬಂದು ಸೇರುತ್ತದೆ. ಅದರ ಒಂದು ಭಾಗವನ್ನು ಷೇರುಗಳಲ್ಲಿ ತೊಡಗಿಸಬೇಕೆಂಬ ಸಲಹೆ ಬ್ಯಾಂಕಿನವರಿಂದಲೂ ಬಂಧುಗಳಿಂದಲೂ ಬರುವುದು ಈಗ ಸಾಮಾನ್ಯವಾಗಿದೆ. ಸಲಹೆಗೆ ಆಧಾರವಾಗಿ ಮುಂದಿಡುವುದು ಬಹುಮಟ್ಟಿಗೆ ಒಂದೇ ಅಂಕಿ: ಕಳೆದ ಇಷ್ಟು ವರ್ಷಗಳಲ್ಲಿ ಷೇರುಪೇಟೆಯು ಸರಾಸರಿ ಶೇಕಡ ಇಷ್ಟು ಪ್ರತಿಫಲವನ್ನು ನೀಡಿದೆ ಎಂಬುದು. ಆ ಸರಾಸರಿ ಸುಳ್ಳಲ್ಲ. ಆದರೆ ತಿಂಗಳು ತಿಂಗಳೂ ಗಂಟಿನಿಂದ ತೆಗೆದು ಸಂಸಾರ ನಡೆಸಬೇಕಾದವರಿಗೆ ಸರಾಸರಿಯಷ್ಟೇ ಮುಖ್ಯವಾದ, ಕೆಲವೊಮ್ಮೆ ಅದಕ್ಕಿಂತಲೂ ಮುಖ್ಯವಾದ ಸಂಗತಿ ಇನ್ನೊಂದುಂಟು. ಒಳ್ಳೆಯ ವರ್ಷಗಳೂ ಕೆಟ್ಟ ವರ್ಷಗಳೂ ಯಾವ ಸರದಿಯಲ್ಲಿ ಬರುತ್ತವೆ ಎಂಬುದೇ ಅದು. ಚಕ್ರಬಡ್ಡಿಯ ಪಾಠದಲ್ಲಿ ಈ ಮಗ್ಗುಲು ಕಾಣಿಸಿಕೊಳ್ಳುವುದು ಅಪೂರ್ವವಾದುದರಿಂದ ಇಲ್ಲಿ ಅದನ್ನು ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸುತ್ತೇವೆ.

ಷೇರಿನ ಗೊಡವೆಯೇ ಬೇಡವೆನ್ನುವವರ ವಾದವನ್ನು ಮೊದಲು ನೋಡೋಣ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು ಇಡಬಹುದಾದ ಠೇವಣಿಯ ಮಿತಿಯನ್ನು 2023ರ ಏಪ್ರಿಲ್‌ನಲ್ಲಿ 30 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಅದೇ ತಿಂಗಳು ಬಡ್ಡಿಯ ದರ ಶೇಕಡ 8.2 ಆಯಿತು. ಆ ದರದಲ್ಲಿ ಪೂರ್ಣ ಮೊತ್ತಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ದೊರೆಯುತ್ತದೆ. ಅಸಲಿಗೆ ಸರ್ಕಾರದ ಭರವಸೆಯಿದೆ. ಇದಕ್ಕಿಂತ ನೆಮ್ಮದಿಯ ಏರ್ಪಾಡು ನಮ್ಮ ದೇಶದಲ್ಲಿ ಹೆಚ್ಚಿಲ್ಲವೆಂಬುದನ್ನು ಒಪ್ಪಬೇಕು. ಆದರೆ ಈ ಯೋಜನೆ 2004ರಲ್ಲಿ ಆರಂಭವಾದಾಗ ದರ ಶೇಕಡ 9 ಇತ್ತು. 2020ರ ಏಪ್ರಿಲ್‌ನಲ್ಲಿ ಅದು 7.4ಕ್ಕೆ ಇಳಿದಿತ್ತು. ಠೇವಣಿಯ ಅವಧಿ ಐದು ವರ್ಷ. ಅವಧಿ ಮುಗಿದ ಮೇಲೆ ಆಗಿನ ದರವನ್ನೇ ಒಪ್ಪಿಕೊಳ್ಳಬೇಕು. ಅದಕ್ಕಿಂತ ದೊಡ್ಡ ತೊಡಕು ಬೆಲೆಗಳದು. ನಮ್ಮ ದೇಶದಲ್ಲಿ 60ನೆಯ ವಯಸ್ಸನ್ನು ತಲುಪಿದವರು ಸರಾಸರಿ ಇನ್ನೂ ಸುಮಾರು 18 ವರ್ಷ ಬದುಕುತ್ತಾರೆ. ಅನೇಕರು ಅದಕ್ಕಿಂತ ಬಹಳ ಹೆಚ್ಚು ಕಾಲ ಬದುಕುತ್ತಾರೆ. 2016ರಲ್ಲಿ ಸರ್ಕಾರವು ಬೆಲೆಯೇರಿಕೆಗೆ ಗೊತ್ತುಪಡಿಸಿದ ಶೇಕಡ 4ರ ಗುರಿ ವರ್ಷವರ್ಷವೂ ಕರಾರುವಾಕ್ಕಾಗಿ ಈಡೇರಿದರೂ, 18 ವರ್ಷಗಳಲ್ಲಿ ಬೆಲೆಗಳು ಇಮ್ಮಡಿಯಾಗುತ್ತವೆ. 61,500 ರೂಪಾಯಿ ಮಾತ್ರ 61,500 ಆಗಿಯೇ ಉಳಿಯುತ್ತದೆ. ಔಷಧದ ಖರ್ಚಾದರೋ ಸಾಮಾನ್ಯ ಬೆಲೆಗಳ ಹೆಜ್ಜೆಗೆ ಹೆಜ್ಜೆಯಿಟ್ಟು ನಡೆಯುವುದಿಲ್ಲ. ವಯಸ್ಸಾದಂತೆ ಅದರ ಪ್ರಮಾಣವೇ ಬೆಳೆಯುತ್ತದೆ. ಆದುದರಿಂದ ಬೆಳೆಯಬಲ್ಲ ಆಸ್ತಿ ಸ್ವಲ್ಪವಾದರೂ ಇರಬೇಕೆಂಬ ಸಲಹೆಯಲ್ಲಿ ಹುರುಳಿದೆ.

ಈಗ ಸರದಿಯ ಪ್ರಶ್ನೆಗೆ ಬರೋಣ. ಒಬ್ಬರ ಬಳಿ 30 ಲಕ್ಷ ರೂಪಾಯಿಗಳಿವೆ. ಎಲ್ಲವನ್ನೂ ಷೇರುಗಳಲ್ಲಿ ತೊಡಗಿಸಿ, ವರ್ಷಾಂತ್ಯದಲ್ಲಿ 2.4 ಲಕ್ಷದಂತೆ, ಎಂದರೆ ತಿಂಗಳಿಗೆ 20,000 ರೂಪಾಯಿಗಳ ಲೆಕ್ಕದಲ್ಲಿ, ತೆಗೆಯುತ್ತಾರೆ ಎಂದು ಭಾವಿಸೋಣ. ಆರು ವರ್ಷಗಳ ಪ್ರತಿಫಲ ಕ್ರಮವಾಗಿ ಹೀಗಿರಲಿ: ಮೊದಲ ವರ್ಷ ಶೇಕಡ 30 ನಷ್ಟ, ಎರಡನೆಯ ವರ್ಷ 10 ನಷ್ಟ, ಅನಂತರ 10, 20, 25, 25 ಲಾಭ. ಏನನ್ನೂ ತೆಗೆಯದೆ ಬಿಟ್ಟಿದ್ದರೆ 30 ಲಕ್ಷವು ಕೊನೆಗೆ ಸುಮಾರು 39 ಲಕ್ಷವಾಗುತ್ತಿತ್ತು. ಇದೇ ವರ್ಷಗಳನ್ನು ತಿರುವಿಹಾಕಿ, ಲಾಭದವು ಮೊದಲು, ನಷ್ಟದವು ಕೊನೆಗೆ ಎಂದು ಇಟ್ಟರೂ ಫಲ ಅದೇ 39 ಲಕ್ಷ. ಗುಣಾಕಾರದಲ್ಲಿ ಸಂಖ್ಯೆಗಳ ಸ್ಥಾನ ಬದಲಾದರೆ ಗುಣಲಬ್ಧ ಬದಲಾಗುವುದಿಲ್ಲವಷ್ಟೆ. ಆದರೆ ವರ್ಷಕ್ಕೆ 2.4 ಲಕ್ಷ ತೆಗೆಯುತ್ತಾ ಹೋದಾಗ ಚಿತ್ರವೇ ಬೇರೆ. ನಷ್ಟದ ವರ್ಷಗಳು ಮೊದಲು ಬಂದರೆ ಆರನೆಯ ವರ್ಷದ ಕೊನೆಗೆ ಉಳಿಯುವುದು 15.93 ಲಕ್ಷ, ಲಾಭದ ವರ್ಷಗಳು ಮೊದಲು ಬಂದರೆ 27.24 ಲಕ್ಷ. ಸರಾಸರಿ ಒಂದೇ, ತೆಗೆದ ಹಣ ಒಂದೇ, ಷೇರುಗಳೂ ಒಂದೇ. ವ್ಯತ್ಯಾಸ ಹನ್ನೊಂದು ಲಕ್ಷಕ್ಕೂ ಮೀರಿದುದು.

ಇದರ ಕಾರಣ ಗಹನವಾದುದೇನಲ್ಲ. ಷೇರಿನ ಒಂದು ಘಟಕದ ಬೆಲೆ 100 ರೂಪಾಯಿ ಇದ್ದಾಗ 20,000 ರೂಪಾಯಿ ಬೇಕಾದರೆ 200 ಘಟಕಗಳನ್ನು ಮಾರಿದರೆ ಸಾಕು. ಬೆಲೆ 70ಕ್ಕೆ ಇಳಿದರೆ 286 ಘಟಕಗಳನ್ನು ಮಾರಬೇಕು. ಹೆಚ್ಚಾಗಿ ಮಾರಿದ ಆ 86 ಘಟಕಗಳು ಬೆಲೆ ಮತ್ತೆ ಏರುವಾಗ ಏರಲು ಅಲ್ಲಿರುವುದಿಲ್ಲ. ಸಂಬಳದಿಂದ ತಿಂಗಳು ತಿಂಗಳೂ ಹಣ ತೊಡಗಿಸುವ ತರುಣನಿಗೆ ಇದೇ ಇಳಿತ ಅನುಕೂಲಕರವಾದುದು. ಅಷ್ಟೇ ಹಣಕ್ಕೆ ಅವನಿಗೆ ಹೆಚ್ಚು ಘಟಕಗಳು ದೊರೆಯುತ್ತವೆ. ನಿವೃತ್ತರ ಸ್ಥಿತಿ ಅದಕ್ಕೆ ತೀರ ವಿಪರೀತವಾದುದು. ಮಳೆ ಕೈಕೊಟ್ಟ ವರ್ಷ ಬಿತ್ತನೆಗೆಂದು ಇಟ್ಟ ರಾಗಿಯನ್ನೇ ಬೀಸಿ ಉಂಡ ರೈತನಿಗೆ ಮರುವರ್ಷ ಹದವಾದ ಮಳೆ ಬಂದರೂ ಪ್ರಯೋಜನವಾಗದು. ಮಗನಿಗೆ ಫಲಿಸಿದ ಉಪಾಯವನ್ನು ತಂದೆಯೂ ಅನುಸರಿಸಲಿ ಎನ್ನುವವರು ಈ ಭೇದವನ್ನು ಗಮನಿಸಿದಂತೆ ತೋರುವುದಿಲ್ಲ.

ಇವು ಕೇವಲ ಕಾಗದದ ಮೇಲಿನ ಲೆಕ್ಕಗಳೆಂದು ಯಾರೂ ಭಾವಿಸಬೇಕಾಗಿಲ್ಲ. ಮುಂಬಯಿ ಷೇರುಪೇಟೆಯ ಸೆನ್ಸೆಕ್ಸ್ ಸೂಚ್ಯಂಕವು 1992ರ ಏಪ್ರಿಲ್‌ನಲ್ಲಿ 4,467ಕ್ಕೆ ಏರಿತ್ತು. ಬ್ಯಾಂಕುಗಳ ಹಣದ ದುರುಪಯೋಗದಿಂದ ಉಬ್ಬಿದ್ದ ಆ ಬೆಲೆಗಳು ಹಗರಣ ಬಯಲಾಗುತ್ತಲೇ ಕುಸಿದು, ಒಂದು ವರ್ಷದಲ್ಲಿ ಸೂಚ್ಯಂಕ ಅರ್ಧಕ್ಕಿಂತ ಕೆಳಗಿಳಿಯಿತು. 1994ರ ಸೆಪ್ಟೆಂಬರ್‌ನಲ್ಲಿ 4,600ನ್ನು ದಾಟಿ ಮತ್ತೆ ಇಳಿಯಿತು; ಆ ಮಟ್ಟವನ್ನು ನಿಶ್ಚಿತವಾಗಿ ಮೀರಿದುದು 1999ರಲ್ಲಿ. 2003ರ ಏಪ್ರಿಲ್‌ನಲ್ಲಿ, ಎಂದರೆ ಹನ್ನೊಂದು ವರ್ಷಗಳ ಬಳಿಕ, ಅದು 3,000ದ ಆಸುಪಾಸಿನಲ್ಲಿತ್ತು. ಲಾಭಾಂಶಗಳು ಈ ಸೂಚ್ಯಂಕದಲ್ಲಿ ಸೇರಿಲ್ಲವೆಂಬುದು ನಿಜ. ಸೇರಿಸಿದರೂ 1992ರ ವಸಂತದಲ್ಲಿ ನಿವೃತ್ತರಾಗಿ ಗಂಟನ್ನೆಲ್ಲ ಷೇರಿಗೆ ಹಾಕಿದವರ ಅವಸ್ಥೆ ಸುಧಾರಿಸದು. 2008ರ ಜನವರಿಯಲ್ಲಿ 20,873ಕ್ಕೆ ಮುಟ್ಟಿದ್ದ ಸೂಚ್ಯಂಕ 2009ರ ಮಾರ್ಚಿಯಲ್ಲಿ 8,160 ಆಗಿತ್ತು. ಹಳೆಯ ಎತ್ತರವನ್ನು ಮತ್ತೆ ಕಂಡುದು 2010ರ ನವೆಂಬರ್‌ನಲ್ಲಿ. 2020ರ ಮಾರ್ಚಿಯ ಕುಸಿತ ಭೀಕರವಾಗಿ ಕಂಡರೂ ಅದೇ ವರ್ಷದ ನವೆಂಬರ್‌ಗೆ ತುಂಬಿಬಂದಿತು. ಇತ್ತೀಚಿನ ಈ ಅನುಭವವೊಂದನ್ನೇ ನೆಚ್ಚಿ, ಇಳಿದುದೆಲ್ಲ ಬೇಗನೆ ಏರುತ್ತದೆಂದು ನಂಬುವುದು ಸರಿಯಲ್ಲ. ಜಪಾನಿನ ನಿಕ್ಕೈ ಸೂಚ್ಯಂಕ 1989ರ ಡಿಸೆಂಬರ್‌ನಲ್ಲಿ ಕಂಡ ಎತ್ತರವನ್ನು ಮತ್ತೆ ದಾಟಲು 2024ರ ಫೆಬ್ರವರಿಯವರೆಗೆ ಕಾಯಬೇಕಾಯಿತು.

ಹಾಗಾದರೆ ಉಪಾಯವೇನು? ಮೇಲಿನ ಉದಾಹರಣೆಗೇ ಹಿಂದಿರುಗೋಣ. 30 ಲಕ್ಷದಲ್ಲಿ ಮೂರು ವರ್ಷಗಳ ಖರ್ಚಾದ 7.2 ಲಕ್ಷವನ್ನು ಬೇರೆಯಾಗಿಟ್ಟು, ಉಳಿದ 22.8 ಲಕ್ಷವನ್ನು ಮಾತ್ರ ಷೇರಿಗೆ ಹಾಕಿ, ಮೊದಲ ಮೂರು ವರ್ಷ ಮೀಸಲಿನಿಂದಲೇ ತೆಗೆದರೆ, ನಷ್ಟ ಮೊದಲು ಬಂದಾಗ ಕೊನೆಗೆ ಉಳಿಯುವುದು 15.93ಕ್ಕೆ ಬದಲಾಗಿ 20.48 ಲಕ್ಷ. ಮೀಸಲು ಹಣಕ್ಕೆ ಬಿಡಿಗಾಸಿನ ಬಡ್ಡಿಯನ್ನೂ ನಾವು ಲೆಕ್ಕಕ್ಕೆ ಹಿಡಿದಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು: ಲಾಭ ಮೊದಲು ಬಂದ ಪಕ್ಷದಲ್ಲಿ 27.24ರ ಬದಲು 24.03 ಲಕ್ಷ ಮಾತ್ರ ಉಳಿಯುತ್ತದೆ. ಈ 3.21 ಲಕ್ಷವನ್ನು ವಿಮೆಯ ಕಂತೆಂದು ತಿಳಿಯತಕ್ಕದ್ದು. ಎರಡು ಸರದಿಗಳ ನಡುವಣ ಅಂತರ ಹನ್ನೊಂದು ಲಕ್ಷದಿಂದ ಮೂರೂವರೆ ಲಕ್ಷಕ್ಕೆ ತಗ್ಗಿತೆಂಬುದೇ ಇಲ್ಲಿಯ ಲಾಭ. ಇನ್ನೊಮ್ಮೆ ದುಡಿದು ನಷ್ಟವನ್ನು ತುಂಬಿಕೊಳ್ಳುವ ಶಕ್ತಿಯಿಲ್ಲದವರಿಗೆ ಇದು ದೊಡ್ಡ ಲಾಭವೇ ಸರಿ.

ಮೀಸಲು ಎಷ್ಟು ವರ್ಷಗಳದಾಗಿರಬೇಕು? ಚರಿತ್ರೆಯನ್ನು ನೋಡಿದರೆ ಮೂರು ವರ್ಷ 2008ರ ಕುಸಿತಕ್ಕೆ ಹೆಚ್ಚುಕಡಿಮೆ ಸಾಕಾಗುತ್ತಿತ್ತು. 1992ರಲ್ಲಿ ಆರಂಭಿಸಿದವರಿಗೆ ಸಾಲದು. ಅವರಿಗೆ 1994ರ ಶರತ್ಕಾಲದಲ್ಲಿ ಮೀಸಲನ್ನು ಮತ್ತೆ ತುಂಬಿಕೊಳ್ಳುವ ಒಂದು ಅವಕಾಶ ಒದಗಿತ್ತು. ಅಂಥ ನಿಸ್ಸಂದಿಗ್ಧವಾದ ಇನ್ನೊಂದು ಅವಕಾಶಕ್ಕೆ ಸುಮಾರು ಐದು ವರ್ಷ ಕಾಯಬೇಕಾಯಿತು. ಆದುದರಿಂದ ಐದು ವರ್ಷಗಳ ಮೀಸಲು ನಮಗೆ ಸಮಂಜಸವಾಗಿ ತೋರುತ್ತದೆ. ಅದನ್ನು ತುಂಬುವುದು ಬೆಲೆ ಏರಿದ ವರ್ಷಗಳಲ್ಲಿ. ಎಲ್ಲರೂ ಷೇರು ಕೊಳ್ಳುತ್ತಿರುವಾಗ ತಾನು ಮಾರಬೇಕಾದುದರಿಂದ ಇದು ಮನಸ್ಸಿಗೆ ಸುಲಭವಾಗಿ ಒಗ್ಗುವ ಶಿಸ್ತಲ್ಲ. ತೆಗೆಯುವ ಪ್ರಮಾಣವೂ ಗಣನೀಯವಾದುದು. ನಮ್ಮ ಉದಾಹರಣೆಯ 2.4 ಲಕ್ಷವು ಗಂಟಿನ ಶೇಕಡ 8. ಅಮೆರಿಕದ ವಿಲಿಯಂ ಬೆಂಗೆನ್ 1994ರಲ್ಲಿ ತಮ್ಮ ದೇಶದ ಅಂಕಿಗಳನ್ನು ಪರೀಕ್ಷಿಸಿ, ಷೇರು ಮತ್ತು ಸಾಲಪತ್ರಗಳ ಮಿಶ್ರಣದಿಂದ ಮೊದಲ ವರ್ಷ ಶೇಕಡ 4ರಷ್ಟು ತೆಗೆದು, ಮುಂದೆ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸುತ್ತಾ ಹೋದರೆ, ಅತ್ಯಂತ ಕೆಟ್ಟ ಸರದಿಯಲ್ಲಿಯೂ ಗಂಟು 30 ವರ್ಷ ಬಾಳಿತೆಂದು ತೋರಿಸಿದರು. ಅದನ್ನು ನಮ್ಮ ದೇಶಕ್ಕೆ ಹಾಗೆಯೇ ಅನ್ವಯಿಸಲಾಗದು. ಆದರೆ ಶೇಕಡ 8 ಎಂಬುದು ಎಷ್ಟು ದೂರದ ಮಾತೆಂಬುದನ್ನು ಅದು ತಿಳಿಸುತ್ತದೆ.

ಪೇಟೆಯನ್ನು ಪ್ರವೇಶಿಸುವ ಬಾಗಿಲುಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಹೊಸಬರಿಗೆ ಬಿಡಿ ಕಂಪನಿಗಳ ಷೇರುಗಳಿಗಿಂತ, ಕಡಿಮೆ ವೆಚ್ಚದಲ್ಲಿ ಇಡೀ ಸೂಚ್ಯಂಕವನ್ನೇ ಅನುಸರಿಸುವ ಮ್ಯೂಚುಯಲ್ ಫಂಡುಗಳು ಮೇಲು. ಹೆಸರು ಸೌಮ್ಯವಾಗಿದ್ದ ಮಾತ್ರಕ್ಕೆ ಅಪಾಯವಿಲ್ಲವೆಂದು ತಿಳಿಯಲಾಗದು: ಯೂನಿಟ್ ಟ್ರಸ್ಟಿನ 1964ರ ಯೋಜನೆಯನ್ನು ಎಷ್ಟೋ ನಿವೃತ್ತರು ಬ್ಯಾಂಕಿನ ಠೇವಣಿಯಂತೆಯೇ ನೆಚ್ಚಿದ್ದರು, ಅದರ ಹಣದ ಬಹುಭಾಗ ಷೇರುಗಳಲ್ಲಿದ್ದು, 2001ರ ಜುಲೈಯಲ್ಲಿ ಯೂನಿಟ್‌ಗಳ ಮರುಖರೀದಿಯನ್ನೇ ಕೆಲಕಾಲ ನಿಲ್ಲಿಸಲಾಯಿತು. ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ವಾಯಿದೆ ವ್ಯಾಪಾರವಂತೂ ನಿವೃತ್ತರಿಗೆ ಸರ್ವಥಾ ಸಲ್ಲದು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಇದರಲ್ಲಿ ತೊಡಗಿದ ಬಿಡಿ ವ್ಯಾಪಾರಿಗಳ ಪೈಕಿ ಶೇಕಡ 93 ಮಂದಿ ನಷ್ಟ ಹೊಂದಿದರೆಂದು ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಹಗಲೆಲ್ಲ ಬಿಡುವಿರುವವರಿಗೆ ಕೈಯಲ್ಲಿರುವ ಫೋನೇ ಪೇಟೆಯಾಗಿರುವ ಈ ಕಾಲದಲ್ಲಿ ಈ ಎಚ್ಚರಿಕೆ ಅತಿಯಾಯಿತೆಂದು ಯಾರೂ ಹೇಳಲಾರರು.

ಕೊನೆಯದಾಗಿ, ನಿವೃತ್ತರೆಲ್ಲರೂ ಒಂದೇ ವರ್ಗದವರಲ್ಲ. ಕರ್ನಾಟಕ ಸರ್ಕಾರದ ಸೇವೆಗೆ 2006ರ ಏಪ್ರಿಲ್ 1ಕ್ಕೆ ಮೊದಲು ಸೇರಿದ ಅಧ್ಯಾಪಕರಿಗೆ ತುಟ್ಟಿಭತ್ಯೆಯೊಡನೆ ಏರುವ ಪಿಂಚಣಿಯುಂಟು. ಅವರ ಅನಂತರ ಕುಟುಂಬ ಪಿಂಚಣಿಯೂ ಉಂಟು. ಮಾಸಿಕ ಖರ್ಚಿಗಾಗಿ ಅವರು ಷೇರನ್ನು ಮಾರಬೇಕಾದ ಪ್ರಸಂಗವೇ ಬಾರದಿರಬಹುದು. ಆದುದರಿಂದ ಸರದಿಯ ಭಯವೂ ಅವರಿಗೆ ಅಷ್ಟಿಲ್ಲ. ವಿಚಿತ್ರವೆಂದರೆ, ಷೇರಿಗೆ ಅಂಜುವವರು ಇವರಲ್ಲಿಯೇ ಹೆಚ್ಚೆಂದು ನಮಗೆ ತೋರುತ್ತದೆ. ಆ ದಿನಾಂಕದ ಬಳಿಕ ಸೇರಿದವರು ಸಾಮಾನ್ಯವಾಗಿ ರಾಷ್ಟ್ರೀಯ ಪಿಂಚಣಿ ಪದ್ಧತಿಗೆ ಒಳಪಟ್ಟವರು. ಸೇರಿದ ಗಂಟಿನಲ್ಲಿ ಶೇಕಡ 40ರಷ್ಟನ್ನಾದರೂ ಅವರು ವರ್ಷಾಶನಕ್ಕೆ ತೊಡಗಿಸಬೇಕು. ವರ್ಷಾಶನದ ಮೊತ್ತ, ಏರುವ ಬಗೆಯದನ್ನು ಆರಿಸಿಕೊಂಡ ಹೊರತು, ಬೆಲೆಗಳೊಡನೆ ಏರುವುದಿಲ್ಲ. ಉಳಿದ ಭಾಗಕ್ಕೆ ಮೇಲೆ ಹೇಳಿದ ಮೀಸಲಿನ ಕ್ರಮ ಹೆಚ್ಚು ಒಪ್ಪುವುದು ಇವರಿಗೇ. ಭವಿಷ್ಯನಿಧಿ, ಗ್ರಾಚ್ಯುಯಿಟಿಗಳನ್ನಷ್ಟೇ ಪಡೆದು ಹೊರಬರುವ ಖಾಸಗಿ ಕಾಲೇಜುಗಳ ಅಧ್ಯಾಪಕರದು ಕಷ್ಟದ ಸ್ಥಿತಿ. ಭವಿಷ್ಯನಿಧಿಯೊಡನೆ ಬರುವ 1995ರ ಯೋಜನೆಯ ಪಿಂಚಣಿ ಅಲ್ಪವಾದುದು, ಅದಕ್ಕೆ ತುಟ್ಟಿಭತ್ಯೆಯಿಲ್ಲ. ಬೆಲೆಯೇರಿಕೆಯಿಂದ ರಕ್ಷಣೆ ಅತ್ಯಗತ್ಯವಾಗಿರುವುದೂ, ಕೆಟ್ಟ ಸರದಿಯನ್ನು ತಡೆದುಕೊಳ್ಳುವ ಶಕ್ತಿ ಅತ್ಯಲ್ಪವಾಗಿರುವುದೂ ಇವರಿಗೇ. ಊಟ, ಬಾಡಿಗೆ, ಔಷಧಗಳಿಗೆ ಬೇಕಾಗುವಷ್ಟು ಆದಾಯ ಠೇವಣಿಗಳಿಂದ ಬರುವಂತೆ ಮಾಡಿಕೊಂಡು, ಐದು ವರ್ಷಗಳ ಮೀಸಲನ್ನೂ ಇಟ್ಟುಕೊಂಡ ಮೇಲೆ ಇವರಲ್ಲಿ ಅನೇಕರ ಬಳಿ ಷೇರಿಗೆ ಹಾಕಲು ಉಳಿಯುವುದು ಒಂದೆರಡು ಲಕ್ಷವಿರಬಹುದು, ಏನೂ ಇಲ್ಲದಿರಲೂಬಹುದು.