ದತ್ತಿಯ ನಿಬಂಧನೆ ಮತ್ತು ಓದುಗರ ಹಕ್ಕು: ಸಂಶೋಧನೆಯ ಮುಕ್ತ ಪ್ರಕಟಣೆ

ಠಾಣೆಗೆ ಸಮೀಪದ ಕಾನ್ಹೇರಿ ಗುಹೆಗಳಲ್ಲಿ ಒಂಬತ್ತನೆಯ ಶತಮಾನದ ಶಾಸನವೊಂದಿದೆ. ರಾಷ್ಟ್ರಕೂಟ ಅಮೋಘವರ್ಷನ ಸಾಮಂತನಾಗಿ ಉತ್ತರ ಕೊಂಕಣವನ್ನು ಆಳಿದ ಶಿಲಾಹಾರ ಪುಲ್ಲಶಕ್ತಿಯ ಕಾಲದ ಈ ಶಾಸನವು ಅಲ್ಲಿಯ ಬೌದ್ಧ ವಿಹಾರಕ್ಕೆ ಸಂದ ದತ್ತಿಯನ್ನು ದಾಖಲಿಸುತ್ತದೆ. ಪೂಜೆ, ಜೀರ್ಣೋದ್ಧಾರ, ಭಿಕ್ಷುಗಳ ವಸ್ತ್ರ ಇವುಗಳೊಡನೆ ಪುಸ್ತಕಗಳಿಗಾಗಿಯೂ ಹಣ ಮೀಸಲಾಗಿರುವುದು ಗಮನಾರ್ಹ. ದಾನಿಯು ದಾನದ ವಿನಿಯೋಗವನ್ನೂ ಗೊತ್ತುಪಡಿಸುವುದು, ಆ ನಿಬಂಧನೆಯನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಕಲ್ಲಿನಲ್ಲಿ ಕಂಡರಿಸುವುದು ನಮ್ಮ ಶಾಸನ ಪರಂಪರೆಯ ಲಕ್ಷಣ. ಸಂಶೋಧನೆಗೆ ಹಣ ನೀಡುವ ಸಂಸ್ಥೆಗಳು ಇಂದು ವಿಧಿಸುತ್ತಿರುವ ಮುಕ್ತ ಪ್ರಕಟಣೆಯ ನಿಬಂಧನೆಯನ್ನು ಈ ಹಿನ್ನೆಲೆಯಲ್ಲಿ ವಿವೇಚಿಸಬಹುದು.

ವಿದ್ವತ್ ಲೇಖನವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಓದಲು, ಪ್ರತಿ ಮಾಡಿಕೊಳ್ಳಲು, ಹಂಚಲು ಅವಕಾಶವಿರುವುದೇ ಮುಕ್ತ ಪ್ರಕಟಣೆ. 2002ರ ಬುಡಾಪೆಸ್ಟ್ ಘೋಷಣೆಯು ಈ ಪರಿಕಲ್ಪನೆಗೆ ಸ್ಪಷ್ಟ ರೂಪ ಕೊಟ್ಟಿತು. 2003ರ ಬರ್ಲಿನ್ ಘೋಷಣೆಯು ಅದನ್ನು ವಿಜ್ಞಾನ ಹಾಗೂ ಮಾನವಿಕ ಶಾಸ್ತ್ರಗಳೆರಡರಲ್ಲಿಯೂ ಸಮರ್ಥಿಸಿತು. ಇದಕ್ಕೆ ಮುಖ್ಯವಾಗಿ ಎರಡು ಮಾರ್ಗಗಳಿವೆ. ಪತ್ರಿಕೆಯು ಲೇಖನವನ್ನು ತಾನೇ ಉಚಿತವಾಗಿ ಒದಗಿಸುವುದು ಒಂದು. ಇಲ್ಲಿ ಅನೇಕ ಪತ್ರಿಕೆಗಳು ಲೇಖಕರಿಂದ ಶುಲ್ಕ ಪಡೆಯುತ್ತವೆ. ಪತ್ರಿಕೆಯು ಅಂಗೀಕರಿಸಿದ ಹಸ್ತಪ್ರತಿಯನ್ನು ಲೇಖಕನು ತನ್ನ ಸಂಸ್ಥೆಯ ವಿದ್ಯುನ್ಮಾನ ಭಂಡಾರದಲ್ಲಿ ಇರಿಸುವುದು ಇನ್ನೊಂದು. ಎರಡನೆಯದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ಘೋಷಣೆಗಳನ್ನು ನಿಯಮವಾಗಿಸಿದವರು ಧನದಾತರು. ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ 2005ರಲ್ಲಿಯೂ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2008ರಲ್ಲಿಯೂ ತಮ್ಮ ಅನುದಾನದಿಂದ ಹುಟ್ಟಿದ ಲೇಖನಗಳು ಸಾರ್ವಜನಿಕರಿಗೆ ದೊರೆಯಬೇಕೆಂದು ಕಡ್ಡಾಯಗೊಳಿಸಿದವು. ಯುರೋಪಿನ ಹಲವು ಧನದಾತ ಸಂಸ್ಥೆಗಳು 2018ರಲ್ಲಿ ‘ಪ್ಲಾನ್ ಎಸ್’ ಎಂಬ ಯೋಜನೆಯನ್ನು ಪ್ರಕಟಿಸಿ, ಪ್ರಕಟಣೆಯ ದಿನದಿಂದಲೇ ಲೇಖನವು ಮುಕ್ತವಾಗಿರಬೇಕೆಂದು ಸಾರಿದವು. ಸಾರ್ವಜನಿಕರ ಹಣದಿಂದ ನಡೆದ ಸಂಶೋಧನೆಯನ್ನು ಓದಲು ಸಾರ್ವಜನಿಕರು ಮತ್ತೊಮ್ಮೆ ಹಣ ತೆರಬೇಕಾಗಿರಕೂಡದು ಎಂಬುದು ಇವೆಲ್ಲದರ ತಿರುಳು.

ಭಾರತದಲ್ಲಿ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ ಹಾಗೂ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಗಳು 2014ರ ಡಿಸೆಂಬರಿನಲ್ಲಿ ಜಂಟಿ ನೀತಿಯೊಂದನ್ನು ಹೊರಡಿಸಿದವು. ಅದರಂತೆ, ಲೇಖನ ಅಂಗೀಕಾರವಾದ ಎರಡು ವಾರಗಳೊಳಗೆ ಅದರ ಅಂತಿಮ ಹಸ್ತಪ್ರತಿ ಭಂಡಾರಕ್ಕೆ ಸೇರಬೇಕು. ಪ್ರಕಾಶಕರ ಹಿತಕ್ಕಾಗಿ ಅದನ್ನು ತಡೆಹಿಡಿಯುವ ಅವಧಿಗೂ ನೀತಿಯು ಮಿತಿಯನ್ನು ಸೂಚಿಸಿತು. ನವಿ ಮುಂಬೈಯ ಹೊಸ ಪನ್ವೇಲಿನಲ್ಲಿರುವ ಭಾರತೀಯ ಭೂಕಾಂತತ್ವ ಸಂಸ್ಥೆಯು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಅಧೀನದ ಸ್ವಾಯತ್ತ ಸಂಸ್ಥೆ. ಆದ್ದರಿಂದ ಈ ನೀತಿಯ ವ್ಯಾಪ್ತಿಗೆ ಬರುತ್ತದೆ.

ಕನ್ನಡ ಸಂಶೋಧನೆಗೆ ಇಂತಹ ಕಟ್ಟುಪಾಡು ಒಂದೇ ದಾರಿಯಿಂದ ಬಂದಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2009ರ ನಿಯಮಾವಳಿಯಲ್ಲಿ ಪಿಎಚ್.ಡಿ. ಮಹಾಪ್ರಬಂಧದ ವಿದ್ಯುನ್ಮಾನ ಪ್ರತಿ ಸಲ್ಲಿಕೆಯನ್ನು ಕಡ್ಡಾಯಗೊಳಿಸಿತು. 2022ರ ನಿಯಮಾವಳಿಯೂ ಅದನ್ನು ಮುಂದುವರಿಸಿದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ನಡೆಸುವ ‘ಶೋಧಗಂಗಾ’ ಭಂಡಾರದಲ್ಲಿ ಈ ಪ್ರಬಂಧಗಳು ಶೇಖರವಾಗುತ್ತವೆ. ಆದರೆ ಮಹಾಪ್ರಬಂಧವು ಕನ್ನಡ ಸಂಶೋಧನೆಯ ಒಂದು ಭಾಗ ಮಾತ್ರ. ವಿಭಾಗಗಳ ಪತ್ರಿಕೆ, ವಿಚಾರಸಂಕಿರಣದ ಸಂಪುಟ, ಅಭಿನಂದನ ಗ್ರಂಥ, ಸ್ಮರಣ ಸಂಚಿಕೆ ಇವುಗಳಲ್ಲಿ ಹರಡಿಕೊಂಡಿರುವ ಲೇಖನರಾಶಿಗೆ ಈ ನಿಯಮ ಅನ್ವಯಿಸುವುದಿಲ್ಲ. ಕೆಲವೇ ಪ್ರತಿಗಳಲ್ಲಿ ಅಚ್ಚಾದ ಇಂತಹ ಸಂಪುಟಗಳು ಮುಗಿದ ಮೇಲೆ ಮರುಮುದ್ರಣ ಕಾಣುವುದು ವಿರಳ.

ಒಳನಾಡಿಗಿಂತ ಹೊರನಾಡಿನ ಓದುಗರಿಗೆ ಈ ಕೊರತೆ ಹೆಚ್ಚು ಬಾಧಿಸುತ್ತದೆ. ಕಲ್ಯಾಣದ ಸಾರ್ವಜನಿಕ ವಾಚನಾಲಯ 1864ರಲ್ಲಿ, ಠಾಣೆಯ ಮರಾಠಿ ಗ್ರಂಥಸಂಗ್ರಹಾಲಯ 1893ರಲ್ಲಿ ಸ್ಥಾಪನೆಗೊಂಡವು. ನೆರೆಯ ಭಾಷೆಯ ಓದುಗರಿಗೆ ಊರಲ್ಲಿಯೇ ದೊರೆತ ಈ ಸೌಲಭ್ಯ ಕನ್ನಡಿಗರಿಗೆ ಆ ಪ್ರಮಾಣದಲ್ಲಿ ದೊರೆತಿಲ್ಲ. ಹಗಲು ಉದ್ಯೋಗ, ಬಿಡುವಿನಲ್ಲಿ ವ್ಯಾಸಂಗ ಎಂದು ಬದುಕುವ ಡೊಂಬಿವಲಿಯ ವಿದ್ಯಾರ್ಥಿಯು ಹಳೆಯ ಲೇಖನವೊಂದನ್ನು ನೋಡಲು ಲೋಕಲ್ ರೈಲು ಹಿಡಿದು ಕಲೀನಾಕ್ಕೋ, ಅಲ್ಲಿಯೂ ಸಿಗದಿದ್ದರೆ ಧಾರವಾಡ, ಮೈಸೂರುಗಳಿಗೋ ಹೋಗಬೇಕಾಗುತ್ತದೆ. ಲೇಖನವು ಭಂಡಾರದಲ್ಲಿದ್ದರೆ ಅದು ಅವನ ಮನೆಯಲ್ಲಿಯೇ ತೆರೆದುಕೊಳ್ಳುತ್ತದೆ.

ಈ ಕಾರ್ಯಕ್ಕೆ ಎರಡು ತೊಡಕುಗಳಿವೆ. ಮೊದಲನೆಯದು ಹಕ್ಕುಸ್ವಾಮ್ಯ. 1957ರ ಕಾಯಿದೆಯ ಪ್ರಕಾರ ಕೃತಿಯ ಹಕ್ಕು ಲೇಖಕನ ಮರಣಾನಂತರವೂ 60 ವರ್ಷ ಉಳಿಯುತ್ತದೆ. ನಲವತ್ತು ಲೇಖಕರ ಸಂಪುಟವೊಂದನ್ನು ಮೂವತ್ತು ವರ್ಷಗಳ ತರುವಾಯ ಮುಕ್ತಗೊಳಿಸಬೇಕಾದರೆ ಬದುಕಿರುವವರನ್ನೂ ಗತಿಸಿದವರ ವಾರಸುದಾರರನ್ನೂ ಹುಡುಕಬೇಕಾಗುತ್ತದೆ. ಅಚ್ಚಿಗೆ ಮೊದಲೇ ಒಂದು ಪುಟದ ಒಪ್ಪಿಗೆಪತ್ರ ಪಡೆದಿದ್ದರೆ ಈ ಕಷ್ಟವೇ ಉದ್ಭವಿಸದು. ಎರಡನೆಯದು ಲಿಪಿಯ ಸಂಕೇತ ವ್ಯವಸ್ಥೆ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದ ಅಥವಾ ಕೇವಲ ಚಿತ್ರರೂಪದಲ್ಲಿ ಸೆರೆಹಿಡಿದ ಕನ್ನಡ ಪುಟವು ಕಣ್ಣಿಗೆ ಕಂಡರೂ ಪದಶೋಧನೆಗೆ ಸಿಗುವುದಿಲ್ಲ. ಹುಡುಕಿದರೆ ದೊರೆಯದ ಲೇಖನವು ಬೀಗ ಹಾಕಿದ ಕಪಾಟಿನಲ್ಲಿರುವ ಗ್ರಂಥಕ್ಕಿಂತ ಹೆಚ್ಚು ಉಪಯುಕ್ತವೆನ್ನುವಂತಿಲ್ಲ.

ಮುಕ್ತ ಪ್ರಕಟಣೆಯಿಂದ ಪುಸ್ತಕ ಮಾರಾಟ ಕುಗ್ಗೀತೆಂಬ ಸಣ್ಣ ಪ್ರಕಾಶಕರ ಆತಂಕವನ್ನು ತಳ್ಳಿಹಾಕಲಾಗದು. ಒಂದು ವರ್ಷದ ತಡೆಯ ಅವಧಿ ಅದಕ್ಕೆ ತಕ್ಕ ಪರಿಹಾರ. ಲೇಖಕರಿಂದ ಶುಲ್ಕ ಕೀಳುವ ಪದ್ಧತಿಯಂತೂ ಅನುದಾನವಿಲ್ಲದ ಕನ್ನಡ ಸಂಶೋಧಕರಿಗೆ ಸಲ್ಲದು. ಭಂಡಾರದ ಮಾರ್ಗವೇ ಅವರಿಗೆ ಸೂಕ್ತ.

ದೊಡ್ಡ ಧನದಾತರು ಕನ್ನಡಕ್ಕೂ ನಿಯಮ ಮಾಡಲೆಂದು ಕಾಯಬೇಕಾಗಿಲ್ಲ. ಸಂಪುಟವೊಂದಕ್ಕೆ ಹಣ ಹೊಂದಿಸುವ ವಿಶ್ವವಿದ್ಯಾಲಯ, ಅಕಾಡೆಮಿ, ದತ್ತಿನಿಧಿ, ಕನ್ನಡ ಸಂಘ ಇವೆಲ್ಲವೂ ಧನದಾತ ಸಂಸ್ಥೆಗಳೇ. ಲೇಖಕರ ಲಿಖಿತ ಒಪ್ಪಿಗೆ, ಯೂನಿಕೋಡ್ ಪ್ರತಿ, ವರ್ಷದೊಳಗೆ ಭಂಡಾರಕ್ಕೆ ಸಲ್ಲಿಕೆ ಎಂಬ ಮೂರು ನಿಬಂಧನೆಗಳನ್ನು ಅವು ತಮ್ಮ ದತ್ತಿಪತ್ರದಲ್ಲಿ ಸೇರಿಸಿದರೆ ಸಾಕು. ಕಾನ್ಹೇರಿಯ ದಾನಿಯು ಪುಸ್ತಕಕ್ಕೆಂದು ಹಣವಿರಿಸಿದ. ಆ ಪುಸ್ತಕ ಓದುಗರ ಕೈ ತಲುಪುವಂತೆ ನೋಡಿಕೊಳ್ಳುವ ಹೊಣೆ ಇಂದಿನ ದಾನಿಗಳದು.